ಏಣಿ ಇತ್ತೋ ಇಲ್ಲವೋ

ಪರದೆಯ ಮೇಲೆ ‘ಏಣಿ’ ಎಂಬ ಪದ ಮೂಡಿ ನಿಂತಿತು. ಕೆಳಗೆ ಎರಡು ಚೌಕ: ಇತ್ತು, ಇರಲಿಲ್ಲ. ಸ್ವಲ್ಪ ಹೊತ್ತಿನ ಹಿಂದೆ ಒಂದಾದ ಮೇಲೊಂದು ತೋರಿಸಿದ ಪದಗಳಲ್ಲಿ ಏಣಿ ಇತ್ತೇ ಇಲ್ಲವೇ ಎಂದು ಹೇಳಬೇಕು, ಅಷ್ಟೆ. ಲವೆಲ್ ಪ್ರುಯಿಟ್ ಮೌಸಿನ ಮೇಲೆ ಕೈಯಿಟ್ಟುಕೊಂಡು ಕೂತ. ಆ ಕೈಯ ಕಿರುಬೆರಳು ಎರಡು ಸಲ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಹುಟ್ಟೂರು ಪಾಸ್ಕಗೂಲಾದಲ್ಲಿ ಅಪ್ಪನ ಸೀಗಡಿ ದೋಣಿಗೆ ಹತ್ತುತ್ತಿದ್ದ ಕಬ್ಬಿಣದ ಏಣಿ ನೆನಪಾಯಿತು, ಅದರ ತುಕ್ಕು ಅಂಗೈಗೆ ಮೆತ್ತುತ್ತಿದ್ದದ್ದೂ ನೆನಪಾಯಿತು. ಈಗಷ್ಟೇ ನೋಡಿದ ಪದಗಳಲ್ಲಿ ಏಣಿ ಇತ್ತೋ ಇಲ್ಲವೋ, ದೇವರಾಣೆಗೂ ಗೊತ್ತಾಗಲಿಲ್ಲ.

ಹಿಂದಿನ ಎಂಟು ವರ್ಷವೂ ಇದೇ ಕುರ್ಚಿಯಲ್ಲಿ ಕೂತು ಬೇಕೆಂದೇ ತಪ್ಪು ಒತ್ತಿದವನು ಈ ಲವೆಲ್. ಅದರಲ್ಲಿ ದೊಡ್ಡ ಗುಟ್ಟೇನೂ ಇಲ್ಲ, ಅವನ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಅರ್ಧಕ್ಕರ್ಧ ಜನ ಮಾಡುವುದೇ ಅದು. ಪ್ರತಿ ಬೇಸಿಗೆ, ಪಂದ್ಯಗಳು ಶುರುವಾಗುವ ಮುಂಚೆ, ತಲೆ ನೆಟ್ಟಗಿರುವಾಗ ಒಂದು ಪರೀಕ್ಷೆ. ಆಮೇಲೆ ಮೈದಾನದಲ್ಲಿ ತಲೆಗೆ ಏಟು ಬಿದ್ದರೆ ಮತ್ತೆ ಅದೇ ಪರೀಕ್ಷೆ. ಎರಡೂ ತಾಳೆಯಾದರೆ ಆಡಬಹುದು, ಇಲ್ಲದಿದ್ದರೆ ಬೆಂಚು. ಬೆಂಚಿನ ಮೇಲೆ ಕೂತವನ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ, ಬಂದವನು ಸುಲಭಕ್ಕೆ ಏಳುವುದಿಲ್ಲ. ಅದಕ್ಕೇ ಮೊದಲ ಪರೀಕ್ಷೆಯಲ್ಲೇ ದಡ್ಡನಾಗಿಬಿಡಬೇಕು. ಆಮೇಲೆ ಏಟು ತಿಂದು ನಿಜವಾಗಿ ದಡ್ಡನಾದರೂ ಯಾರಿಗೂ ಗೊತ್ತಾಗುವುದಿಲ್ಲ. ಹೊಸದಾಗಿ ಬಂದ ಹುಡುಗರಿಗೆ ಈ ಉಪಾಯ ಹೇಳಿಕೊಡುತ್ತಿದ್ದವನೂ ಲವೆಲನೇ. ಡಿಫೆನ್ಸಿನ ನಡುವೆ ನಿಂತು, ಎದುರಿನವರ ಹೂಟವೇನೆಂದು ಓದಿ, ಉಳಿದ ಹತ್ತು ಜನರೂ ಎಲ್ಲೆಲ್ಲಿ ನಿಲ್ಲಬೇಕೆಂದು ಕೂಗಿ ಹೇಳುವ ಲೈನ್‌ಬ್ಯಾಕರ್ ಅವನು. ಅವನ ಮಾತೆಂದರೆ ಹುಡುಗರಿಗೆ ವೇದವಾಕ್ಯ.

ಈ ಸಲ ಮಾತ್ರ ಹೆಂಡತಿ ರೆನೀಟಾ ಮಾತು ತೆಗೆದುಕೊಂಡಿದ್ದಳು. ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಮಗಳನ್ನು ಕರೆತರಲು ಹೋದವನು, ಅವಳು ಬಿಟ್ಟು ಎರಡು ವರ್ಷವಾಗಿದ್ದ ಶಾಲೆಯ ಮುಂದೆ ಕಾರು ನಿಲ್ಲಿಸಿಕೊಂಡು ಕೂತುಬಿಟ್ಟಿದ್ದ. ಮನೆಗೆ ಬಂದು ಅದನ್ನೇ ತಮಾಷೆ ಮಾಡಿ ಹೇಳಿದ. ಮಗಳು ಬಿದ್ದು ಬಿದ್ದು ನಕ್ಕಳು. ರೆನೀಟಾ ನಗಲಿಲ್ಲ.

“ಒಂದೇ ಒಂದ್ಸಲ ಆ ಪರೀಕ್ಷೆ ನಿಯತ್ತಾಗಿ ಮಾಡು,” ಅಂದಿದ್ದಳು. “ನಿನ್ ಕೋಚ್‌ಗೋಸ್ಕರ ಅಲ್ಲ. ನನಗೆ ಗೊತ್ತಾಗ್ಬೇಕು.”

“ಗೊತ್ತಾಗೋಕೇನಿದೆ? ಯಾವ್ದೋ ಯೋಚ್ನೇಲಿ ಮರ್ತೆ. ನೀನು ಬೀಗದ ಕೈ ಎಲ್ಲಿಟ್ಟೆ ಅಂತ ದಿನಾ ಹುಡ್ಕಲ್ವಾ?”

“ಲವೆಲ್. ಮಾತು ಕೊಡು.”

ಕೊಟ್ಟಿದ್ದ. ಆ ಮಾತಿಗಾಗಿಯೇ ಈಗ ಹೀಗೆ ಪರದೆ ದಿಟ್ಟಿಸುತ್ತ ಕೂತಿದ್ದ. ಕೊನೆಗೆ ‘ಇರಲಿಲ್ಲ’ ಒತ್ತಿದ. ಬರೀ ಊಹೆ. ಆಮೇಲೆ ಇನ್ನಷ್ಟು ಪದಗಳು ಬಂದವು, ಗೆರೆಗಳು ಬಂದವು, ಅಂಕಿಗಳನ್ನು ಹಿಂದುಮುಂದಾಗಿ ಹೇಳುವುದು ಬಂತು. ಮುಗಿಯುವ ಹೊತ್ತಿಗೆ ಆ ತಣ್ಣನೆಯ ಕೋಣೆಯಲ್ಲೂ ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಆಟಗಾರರ ಗಾಯ, ನೋವು ನೋಡಿಕೊಳ್ಳುವ ಡೆಲ್ಬರ್ಟ್ ತಂಡದ ಹಳೇ ತಲೆ, ಎಲ್ಲರ ಬಾಯಲ್ಲೂ ಡೆಲ್ ತಾತ. ಅವನು ಕನ್ನಡಕ ಮೇಲೇರಿಸಿ ಫಲಿತಾಂಶ ನೋಡಿ ಭುಜ ಕುಣಿಸಿಕೊಂಡು ನಕ್ಕ.

“ಏನ್ ಅಚ್ಚುಕಟ್ಟಯ್ಯಾ ನಿಂದು. ಹೋದ್ವರ್ಷ ಎಲ್ಲಿತ್ತೋ ಈ ವರ್ಷಾನೂ ಅಲ್ಲೇ. ಕೂದಲೆಳೆಯಷ್ಟೂ ಆಚೆ ಈಚೆ ಇಲ್ಲ.”

“ಸರಿಯಾಗಿ ನೋಡು ತಾತ.”

“ನೋಡ್ದೆ ಕಣೋ. ಬೆಕ್ಕು ಕಣ್ಮುಚ್ಕೊಂಡು ಹಾಲು ಕುಡಿದ್ರೆ ಯಾರಿಗೂ ಕಾಣಲ್ಲ ಅನ್ಕೊಳ್ಳತ್ತಂತೆ. ಹೋಗು ಹೋಗು, ನಾನೇನೂ ಕಂಡಿಲ್ಲ. ಮುಂದಿನವನನ್ನ ಕಳ್ಸು.”

ಲವೆಲ್ ಹೊರಗೆ ಬಂದ. ನಿಂತಲ್ಲಿ ನಿಲ್ಲಲಾರ, ಕೂತಲ್ಲಿ ಕೂರಲಾರ. ತನ್ನ ಕಪಾಟಿನ ಬಾಗಿಲು ತೆಗೆದ, ಏನು ಬೇಕಿತ್ತೆಂದು ತಿಳಿಯದೆ ಮುಚ್ಚಿದ. ನೀರಿನ ಬಾಟಲಿ ತೆರೆದು ಒಂದು ಗುಟುಕು ಕುಡಿದು ಎಲ್ಲೋ ಇಟ್ಟ, ಇನ್ನೊಂದು ತೆರೆದ. ಹೊರಗೆ ಸುಡುಬಿಸಿಲಲ್ಲಿ ನಿಂತಿದ್ದ ಕಾರಿಗೆ ಹೋಗಿ ಕೂತು ಎಂಜಿನ್ ಹಚ್ಚಿದ, ಆರಿಸಿದ. ಎಂಟು ವರ್ಷ ಯಾವ ದಡ್ಡನ ವೇಷ ಹಾಕಿದ್ದನೋ, ವೇಷ ಕಳಚಿದ ಮೇಲೂ ಅದೇ ದಡ್ಡ ಅಲ್ಲೇ ಕೂತಿದ್ದ. ಇದು ಯಾವಾಗ ಆಯಿತು? ಹೋದ ವರ್ಷವೋ, ನಾಲ್ಕು ವರ್ಷದ ಹಿಂದೆಯೋ? ಹೇಳುವವರು ಯಾರು? ತಲೆ ನೆಟ್ಟಗಿದ್ದ ಕಾಲದ ಅಳತೆ ಎಲ್ಲೂ ಉಳಿಯದ ಹಾಗೆ ಅವನೇ ನೋಡಿಕೊಂಡಿದ್ದ. ಅವನಿಗೆ ಹೆದರಿಕೆಯಾಯಿತು. ನೂರಿಪ್ಪತ್ತು ಕಿಲೋ ತೂಕದವರು ಎದುರಿನಿಂದ ನುಗ್ಗಿ ಬಂದಾಗಲೂ ಆಗದಂಥ ಹೆದರಿಕೆ.

ಫೋನ್ ಬಡಿದುಕೊಂಡಿತು. ರೆನೀಟಾ. ಅವಳು ಬೆಂಡೆಕಾಯಿ ಹೆಚ್ಚುತ್ತಿದ್ದಳು, ಹಲಗೆಯ ಮೇಲೆ ಚಾಕುವಿನ ಸದ್ದು ಇವನಿಗೆ ಕೇಳುತ್ತಿತ್ತು.

“ಏನಂದ್ರು?”

“ಪ್ರತಿ ವರ್ಷದ ಹಾಗೇ ಬಂತು.”

“ಪ್ರತಿ ವರ್ಷದ ಹಾಗೆ ಅಂದ್ರೆ?” ಅಂದವಳು ತಾನೇ ಅರ್ಥ ಮಾಡಿಕೊಂಡಳು. “ಅಂದ್ರೆ ಮತ್ತೆ ಕಳ್ಳಾಟ ಆಡ್ದೆ. ನನ್ ಮುಖ ನೋಡ್ಕೊಂಡು ಮಾತು ಕೊಟ್ಟು, ಹೋಗಿ ಕಳ್ಳಾಟ ಆಡ್ದೆ.”

ಇಲ್ಲ ಅನ್ನಲು ಬಾಯಿ ತೆರೆದ. ಅವಳ ಸಿಟ್ಟು ಅವನಿಗೆ ಹಳೇ ಪರಿಚಯ, ಎರಡು ದಿನ ಮುಖ ತಿರುಗಿಸಿಕೊಂಡು ಮೂರನೆಯ ದಿನ ಸರಿಹೋಗುತ್ತಾಳೆ.

“ಅಭ್ಯಾಸಬಲ,” ಅಂದ.

“ನಿನ್ ಅಭ್ಯಾಸಕ್ಕಿಷ್ಟು ಬೆಂಕಿ ಹಾಕ,” ಎಂದು ಅವಳು ಫೋನಿಟ್ಟಳು. ಅವನಿಗೆ ನಿರಾಳವಾಯಿತು, ನಿರಾಳವಾದದ್ದಕ್ಕೆ ನಾಚಿಕೆಯೂ ಆಯಿತು.

ಅಷ್ಟರಲ್ಲಿ ಕಾರಿನ ಗಾಜು ತಟ್ಟಿದವನು ಜೇವಾನ್. ಈ ವರ್ಷವೇ ಕಾಲೇಜು ಮುಗಿಸಿ ತಂಡಕ್ಕೆ ಬಂದವನು, ಆಡುವುದೂ ಲವೆಲನ ಜಾಗದಲ್ಲೇ. ಒಬ್ಬ ಎದ್ದರೆ ಇನ್ನೊಬ್ಬ ಕೂರಬೇಕು, ಅಂಥ ಸಂಬಂಧ. ಆದರೂ ಬೇಸಿಗೆಯೆಲ್ಲ ಲವೆಲ್ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಟ ಓದುವುದನ್ನು ಕಲಿಸಿದ್ದ.

“ಅಣ್ಣ, ನೀನು ಹೇಳ್ದಂಗೇ ಮಾಡ್ದೆ,” ಎಂದು ಹಲ್ಲು ಬಿಟ್ಟ ಜೇವಾನ್. “ಎಷ್ಟು ತಪ್ಪು ಅಂದ್ರೆ, ನಮ್ಮಮ್ಮ ನೋಡಿದ್ರೆ ಕೂತು ಅಳೋಳು.”

“ವಾಪಸ್ ಹೋಗು,” ಅಂದ ಲವೆಲ್. “ಡೆಲ್ ತಾತನ್ನ ಕೇಳಿ ಇನ್ನೊಂದ್ಸಲ ತಗೋ. ಸರಿಯಾಗಿ ಮಾಡು.”

“ತಮಾಷೆನಾ?”

“ಅಲ್ಲ. ಹೋಗು.”

ಜೇವಾನ್ ಕಿಟಕಿಯ ಮೇಲೆ ಮೊಣಕೈ ಊರಿ ಅವನನ್ನೇ ನೋಡಿದ. “ಓಹೋ. ಈಗ ಗೊತ್ತಾಯ್ತು ಬಿಡು. ಅಕ್ಟೋಬರಲ್ಲಿ ನನಗೊಂದು ಏಟು ಬಿದ್ರೆ ನಾನು ಬೆಂಚು, ನಿನ್ ಜಾಗ ಭದ್ರ. ಎಂಟು ವರ್ಷ ನೀನ್ ಮಾಡ್ಬಹುದು, ನಾನು ಮೊದಲ್ನೇ ವರ್ಷಕ್ಕೇ ಸಾಚಾ ಆಗ್ಬೇಕಾ?”

ಹುಡುಗ ಹೇಳಿದ್ದರಲ್ಲಿ ತಪ್ಪೇನಿತ್ತು? ಅವನ ಜಾಗದಲ್ಲಿದ್ದರೆ ಲವೆಲನೂ ಅದನ್ನೇ ಹೇಳುತ್ತಿದ್ದ. ಇವನನ್ನು ನಂಬಿಸಲು ಇದ್ದದ್ದು ಒಂದೇ ಮಾತು. ಆ ಮಾತು ಇವನ ಕಿವಿಗೆ ಬಿದ್ದರೆ ತನ್ನ ಜುಟ್ಟು ಇವನ ಕೈಯಲ್ಲಿ, ಕೋಚ್‌ನ ಕೋಣೆಗೆ ಹೋಗಿ ಬಾಯಿಬಿಟ್ಟರೆ ಸಂಜೆಯೊಳಗೆ ಕಪಾಟು ಖಾಲಿ ಮಾಡಬೇಕು. ಹೇಳದಿದ್ದರೆ ಇವನೂ ಒಂದು ದಿನ ಹೀಗೇ ಕಾರಿನಲ್ಲಿ ಕೂತು, ತಾನು ಮೊದಲು ಹೇಗಿದ್ದೆ ಎಂದು ತಿಳಿಯದೆ ಒದ್ದಾಡುತ್ತಾನೆ. ಕಲಿಸಿದ್ದು ತಾನೇ. ಲವೆಲ್ ಸ್ಟಿಯರಿಂಗನ್ನು ಗಟ್ಟಿಯಾಗಿ ಹಿಡಿದುಕೊಂಡ.

“ಈ ಸಲ ನಾನು ಕಳ್ಳಾಟ ಆಡ್ಲಿಲ್ಲ ಜೇವಾನ್. ನಿಯತ್ತಾಗಿ ಮಾಡ್ದೆ. ಹೋದ್ವರ್ಷ ಬೇಕಂತ ತಪ್ಪು ಮಾಡ್ದಾಗ ಎಷ್ಟು ಬಂದಿತ್ತೋ ಅಷ್ಟೇ ಬಂತು.”

ಜೇವಾನನ ಮುಖದ ಮೇಲಿನ ನಗು ಸ್ವಲ್ಪ ಹೊತ್ತು ಹಾಗೇ ಉಳಿದಿತ್ತು. ಆಮೇಲೆ ಹೋಯಿತು. ಅವನು ಕಿಟಕಿಯಿಂದ ಕೈ ತೆಗೆದ.

“ಯಾರಿಗಾದ್ರೂ ಹೇಳಿದ್ಯಾ?”

“ನಿಂಗೇ ಮೊದಲು.”

“ಅತ್ತಿಗೆಗೆ?”

ಲವೆಲ್ ಇಲ್ಲವೆಂದು ತಲೆಯಾಡಿಸಿದ. ಜೇವಾನ್ ತನ್ನ ಬೂಟು ನೋಡುತ್ತ ನಿಂತ. “ನಾನು ಹೋಗಿ ಕೋಚ್‌ಗೆ ಹೇಳ್ಬಿಟ್ರೆ?”

“ಹೇಳು. ಅದಕ್ಕೆ ಮುಂಚೆ ಪರೀಕ್ಷೆ ತಗೋ.”

ಹುಡುಗ ಹೊರಟ. ಕಾದ ಡಾಂಬರಿನ ಮೇಲೆ ಮೊದಲು ನಿಧಾನಕ್ಕೆ, ಆಮೇಲೆ ಬಿರಬಿರನೆ ನಡೆದು ಗಾಜಿನ ಬಾಗಿಲು ತಳ್ಳಿ ಒಳಗೆ ಹೋದ. ಅಲ್ಲಿಂದ ಎಡಕ್ಕೆ ಡೆಲ್ ತಾತನ ಕೋಣೆ, ಬಲಕ್ಕೆ ಕೋಚ್‌ನದು. ಯಾವ ಕಡೆ ತಿರುಗಿದನೆಂದು ಕಾರಿನಿಂದ ಕಾಣಲಿಲ್ಲ.

ಲವೆಲ್ ಫೋನ್ ಕೈಗೆತ್ತಿಕೊಂಡ. ಆ ಕಡೆ ತುಂಬ ಹೊತ್ತು ಗಂಟೆ ಹೊಡೆಯಿತು.

“ಇನ್ನೇನು?” ಅಂದಳು ರೆನೀಟಾ. ಹಲಗೆಯ ಮೇಲೆ ಚಾಕು ಮೊದಲಿಗಿಂತ ಜೋರಾಗಿ ಬೀಳುತ್ತಿತ್ತು.

“ರೆನೀಟಾ,” ಅಂದ. “ಮೊದಲು ಆ ಚಾಕು ಕೆಳಗಿಡು.”