ಬೋಣಿಯಾಗುವ ತನಕ

ಊದುಬತ್ತಿಯ ಹೊಗೆ ಎಳೆಯಾಗಿ ತೇಲಿ ಬಂದು ಆಂಪ್ಲಿಫೈಯರಿನ ಮುಂದಿನ ಕಂದು ಬಟ್ಟೆಯೊಳಗೆ ಹೋಗುತ್ತಿದೆ, ಹೋದದ್ದು ಹೊರಗೆ ಬರುತ್ತಿಲ್ಲ, ಹಿಂದುಗಡೆ ಗಾಜಿನ ವಾಲ್ವುಗಳ ನಡುವೆ ಸುತ್ತುತ್ತಿರಬೇಕು ಎಂದುಕೊಂಡಳು ಭವಾನಿ, ಕೈಯಲ್ಲಿ ಮೈಕ್‌ಸೆಟ್ಟಿನ ಅಂಗಡಿಯ ಕೊಟ್ರಬಸಪ್ಪ ತರಿಸಿಕೊಟ್ಟ ಚಹಾ, ತೊಡೆಯ ಮೇಲೆ ಗಿಟಾರಿನ ಚೀಲ, ಹೊರಗೆ ಗಂಗಾವತಿ ಇನ್ನೂ ಒಂದೊಂದೇ ಶಟರ್ ಎತ್ತುತ್ತಿದೆ — ಭಾಳ ಹಳೇದೈತಿ ತಂಗಿ, ಸಾಣಾಪುರದಾಗ ಗೆಸ್ಟ್‌ಹೌಸ್ ಮುಚ್ಚಿದಾಗ ಯಾವನೋ ಫಾರಿನರ್ ಬಿಟ್ಟು ಹೋಗಿದ್ದು, ಈಗಿನ ಡಬ್ಬಿ ಅಲ್ಲ ಇದು, ಹಳೇ ರೇಡಿಯೋದಂಗ ವಾಲ್ವಿಂದು, ಅಂತ ಫೋನಿನಲ್ಲಿ ಅವನೇ ಹೊಗಳಿದ್ದ, ಬೇರೆ ಯಾರೂ ಒಯ್ಯದಿರಲಿ ಎಂದು ತನ್ನೂರು ಮರಳಿಯಿಂದ ಮೊದಲ ಬಸ್ಸಿಗೇ ಬಂದಳು, ಬಂದು ದುಡ್ಡು ಚಾಚಿದರೆ ಅವನು ಕೈ ಹಿಂದಕ್ಕೆ ಕಟ್ಟಿಕೊಂಡು, ಕುಂದ್ರವಾ, ಚಾ ಕುಡಿ, ಅವಸರ ಏನೈತಿ. ಮರ್ಯಾದೆ ಎಂದೇ ತಿಳಿದಳು, ಗಂಡ ಮಾಂತೇಶ ತೀರಿಹೋದ ಮೇಲೆ ಕುಂದ್ರವಾ ಎಂದವರಾದರೂ ಯಾರು, ಎಲ್ಲರೂ ನಿಂತೇ ಮಾತಾಡಿಸಿ ನಿಂತೇ ಹೋಗುತ್ತಾರೆ — ಕೊಟ್ರಬಸಪ್ಪ ಅವಳ ಬರಿಹಣೆ ನೋಡಿ, ಗಂಡನ ನೆನಪಿಗೆ ಒಯ್ಯಾಕತ್ತೀಯೇನು ಬೇ, ಅವರು ಬಾರಸ್ತಿದ್ರೇನು? ಅಲ್ರಿ, ಬಾರಸೋದು ನಾನು. ಹಾಂ, ಅಂದ ಕೊಟ್ರಬಸಪ್ಪ, ನಂಬದ ಹಾಂ. ಮಾಂತೇಶನಿಗೆ ಹಲಗೆಯ ಬಡಿತ ಬಿಟ್ಟರೆ ಬೇರೆ ಯಾವುದೂ ಸಂಗೀತವಾಗಿರಲಿಲ್ಲ, ಅವಳು ತಂತಿ ಮುಟ್ಟಿದರೆ ಸಾಕು ಗೊರಕೆ ಹೊಡೆಯುತ್ತಿದ್ದ, ಧಾರವಾಡದ ಹಾಸ್ಟೆಲಿನಲ್ಲಿ ಎಂ.ಎ. ಓದುತ್ತ ಕಲಿತದ್ದು, ಅವನು ಯಾರೆಂದೇ ಗೊತ್ತಿಲ್ಲದಾಗ, ಅದೂ ಈಗ ಅವನದಾಗಬೇಕು, ಸೀರೆಯ ಬಣ್ಣ, ಉಣ್ಣುವ ತುತ್ತು, ನಕ್ಕರೆ ನಗು, ಎಲ್ಲಕ್ಕೂ ಸತ್ತವನ ಹೆಸರು ಅಂಟಿಸುತ್ತಾರೆ, ಪಾಪ, ಅವನಿಗೇ ಅವು ಬೇಕಿರಲಿಲ್ಲ.

ಒಮ್ಮೆ ಹಚ್ಚಿ ತೋರಿಸ್ರಿ. ಹಚ್ಚೂಣು, ಬೋಣಿ ಒಂದ್ ಆಗ್ಲಿ. ಬೋಣಿ ನಾನ ಮಾಡ್ತೀನಲ್ರಿ. ಕೊಟ್ರಬಸಪ್ಪ ದೇವರ ಫೋಟೋ ಒರೆಸಿದ, ಒರೆಸಿದ್ದನ್ನೇ ಮತ್ತೆ ಒರೆಸಿದ, ಆಗ ಭವಾನಿ ಲೋಟ ಕೆಳಗಿಟ್ಟಳು. ಓ, ಅದಕ್ಕೆ ಚಹಾ. ಗಂಡನಿಲ್ಲದವಳ ದುಡ್ಡನ್ನು ಮೊದಲು ಮುಟ್ಟಿದರೆ ದಿನದ ವ್ಯಾಪಾರ ಮುಳುಗುತ್ತದೆ, ಬಾಯಿಬಿಟ್ಟು ಹೇಳಲು ನಾಚಿಕೆ, ಅದಕ್ಕೇ ಸಕ್ಕರೆ ಇಷ್ಟೊಂದು — ಕುಡಿದೂ ಆಯಿತು, ಥೂ. ಏಳು, ಹೋಗು ಎಂದಿತು ಮನಸ್ಸು, ಕಣ್ಣು ಆಂಪ್ಲಿಫೈಯರನ್ನು ಬಿಡಲಿಲ್ಲ, ಅಷ್ಟರಲ್ಲಿ ಅವಳ ಊರಿನವನೇ ಆದ ಹುಲಗಪ್ಪ ಭಜನೆಯ ಮೈಕಿಗೆ ವೈರು ಬೇಕೆಂದು ಮೆಟ್ಟಿಲು ಹತ್ತಿದ. ಬಾರಪಾ ಬಾ, ನಿನ್ನ ದಾರೀನ ನೋಡಾಕತ್ತಿದ್ದೆ, ನಿನ್ನ ಕೈಗುಣ ಛಲೋ. ನನ್ನ ಕೈಗುಣಾನ? ನಮ್ಮ ಎಮ್ಮಿಗೆ ಹೇಳು ಅದನ್ನ, ಮೊಲಿಗೆ ಕೈ ಹಚ್ಚಿದ್ರ ಒದೀತೈತಿ. ಇಬ್ಬರೂ ನಕ್ಕರು, ಕೊಟ್ರಬಸಪ್ಪ ಹುಲಗಪ್ಪನ ನೋಟನ್ನು ಎರಡೂ ಕಣ್ಣಿಗೆ ಒತ್ತಿಕೊಂಡು ಗಲ್ಲಾಪೆಟ್ಟಿಗೆಗೆ ಇಳಿಸಿದ — ಹುಲಗಪ್ಪ, ಯುಗಾದಿಯ ಹಿಂದೆಮುಂದೆ ಹೆಂಡತಿ ದುರಗಮ್ಮನನ್ನು ಮಣ್ಣು ಮಾಡಿ ಬಂದವನು, ಅವನ ಮನೆಗೆ ರೊಟ್ಟಿ ಬಡಿದು ಕಳಿಸಿದವಳು ಭವಾನಿಯೇ, ಆ ರೊಟ್ಟಿಗೆ ದೋಷವಿರಲಿಲ್ಲ, ಅವನ ಕೈಗೆ ದೋಷವಿಲ್ಲ, ಹೆಂಡತಿಯ ಬಾಯಿಗೆ ಕೊನೆಯ ನೀರು ಬಿಟ್ಟ ಕೈ, ಅದರ ನೋಟು ಕಣ್ಣಿಗೆ, ಎರಡೂ ಕಣ್ಣಿಗೆ.

ಈಗ ಕೊಡವಾ, ಎಂದು ಕೊಟ್ರಬಸಪ್ಪ ಕೈ ಚಾಚಿದ, ಸ್ವಿಚ್ಚೂ ಹಾಕಿದ, ತಡಿ ಮತ್ತ, ಇದು ಬಿಸಿ ಆಗೂತನಕ ದನಿ ಬರಂಗಿಲ್ಲ. ವಾಲ್ವಿನೊಳಗಿನ ತಂತಿ ಮಬ್ಬಾಗಿ ಕೆಂಪೇರುತ್ತಿದೆ. ಹುಲಗಪ್ಪ ಕಾಕಾನ ಹೆಂಡ್ತೀನೂ ತೀರಿಕೊಂಡಾಳ್ರಿ, ಅಂದಳು ಭವಾನಿ. ಹುಲಗಪ್ಪ ವೈರು ಸುತ್ತುವುದನ್ನು ನಿಲ್ಲಿಸಿದ. ಗಂಡಸರದು ಬ್ಯಾರೆ ಬೇ, ಅಂದ ಕೊಟ್ರಬಸಪ್ಪ ಮೆಲ್ಲಗೆ, ಅವಳ ಒಳ್ಳೆಯದಕ್ಕೇ ಎಂಬಂತೆ. ಇಷ್ಟು ತಿಂಗಳು ಅಳುವೂ ಬಾರದ ಎದೆಯಲ್ಲಿ ಏನೋ ಸುಟ್ಟಿತು, ದುಡ್ಡನ್ನು ಅವನ ಅಂಗೈಯಲ್ಲಿ ಇಟ್ಟಳು, ಕಣ್ಣಿಗೆ ಒತ್ಕೊಳ್ರಿ. ಏನ್ ಬೇ? ಕಾಕಾನ ದುಡ್ಡು ಒತ್ಕೊಂಡ್ರಲ್ಲ, ನಂದೂ ಒತ್ಕೊಳ್ರಿ, ಆಗಂಗಿಲ್ಲಂದ್ರ ವಾಪಸ್ ಕೊಡ್ರಿ, ನಿಮ್ಮ ಡಬ್ಬಿ ನಿಮ್ಮ ಹಂತೇಕ ಇರ್ಲಿ. ಬಿಟ್ಟು ಹೋಗಬಲ್ಲಳೇ, ಇಂಥದ್ದು ಕೊಪ್ಪಳ ಸೀಮೆಯಲ್ಲಿ ಇನ್ನೊಂದು ಸಿಗುವುದಿಲ್ಲ, ಸಿಗದಿರಲಿ, ಬಿಟ್ಟು ಹೋಗುತ್ತಾಳೆ, ಬರಿಗೈಯಲ್ಲಿ ಮರಳಿಯ ಬಸ್ಸು ಹತ್ತುತ್ತಾಳೆ — ಆಂಪ್ಲಿಫೈಯರು ಸಣ್ಣಗೆ ಗುಂಯ್ ಎನ್ನತೊಡಗಿತು, ಹುಲಗಪ್ಪ ನೆಲ ನೋಡುತ್ತಿದ್ದಾನೆ, ಕೊಟ್ರಬಸಪ್ಪನ ಕೈ ಗಲ್ಲಾದ ಕಡೆ ಇಳಿಯುತ್ತಿಲ್ಲ, ಕಣ್ಣಿನ ಕಡೆ ಏರುತ್ತಿಲ್ಲ, ಅವಳ ನೋಟು ಹಿಡಿದ ಕೈ, ಗಾಳಿಯಲ್ಲಿ, ಕಣ್ಣಿಗೂ ಗಲ್ಲಾಕ್ಕೂ ನಡುವೆ, ಆ ಕೈ