ಕುತ್ತಿಗೆಯ ಪಾಲು

ನಾಮಕರಣದ ಟಗರಿನ ಕುತ್ತಿಗೆ ನಮ್ಮ ಕೇರಿಯಲ್ಲಿ ಕತ್ತಿ ಹಿಡಿದವನ ಪಾಲು. ನಾನು ಕುಮಾಸಿ ಪಟ್ಟಣದ ಜೊಂಗೊ ಕೇರಿಯ ಸರ್ಕಿನ್ ಪಾವಾ, ಅಂದರೆ ಕಸಾಯಿಗಳ ಯಜಮಾನ. ಮೂವತ್ತು ವರ್ಷ ಆ ಪಾಲು ನಮ್ಮ ಮನೆಯ ಸಾರಿಗೇ ಬಿದ್ದಿದೆ. ಈ ವರ್ಷ ಅದನ್ನು ನನ್ನ ಮಗಳು ಲಾರೈ ಕೇಳಿದಳು.

ಲಾರೈ ಇರುವುದು ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ. ಏನು ಕೆಲಸ ಎಂದು ಕೇಳಿದವರಿಗೆ 'ಡಾಕ್ಟರು' ಎಂದಷ್ಟೇ ಹೇಳಿ ಜಾರಿಕೊಳ್ಳುತ್ತಿದ್ದೆ. ಕೊನೆಗೆ ಅವಳೇ ಒಂದು ದಿನ ಕೂರಿಸಿಕೊಂಡು ಹೇಳಿದಳು.

"ಬಾಬಾ, ಮೈಯ ಒಂದೊಂದು ಜೀವಕೋಶದಲ್ಲೂ ಒಂದು ಮಾರುದ್ದದ ದಾರ ಇದೆ ಅಂದ್ಕೊಳ್ಳಿ. ಸಿಕ್ಕಾಗಬಾರದು ಅಂತ ಅದನ್ನ ರೀಲುಗಳಿಗೆ ಸುತ್ತಿರುತ್ತೆ. ಆ ರೀಲುಗಳೇ ಹಿಸ್ಟೋನ್. ದಾರ ಎಲ್ಲಿ ಬಿಚ್ಚಬೇಕು, ಎಲ್ಲಿ ಬಿಚ್ಚಬಾರದು ಅಂತ ರೀಲಿನ ಮೇಲೆ ಗುರುತು ಇರ್ತವೆ."

"ಮಾಂಸದ ಮೇಲೆ ಇನ್ಸ್‌ಪೆಕ್ಟರು ಒತ್ತೋ ಮೊಹರಿನ ಥರ."

"ಥೇಟ್ ಹಾಗೇ!" ಎಂದು ನಕ್ಕಳು. "ಸ್ತನದ ಕ್ಯಾನ್ಸರಲ್ಲಿ ಒಂದು ಪ್ರೋಟೀನ್ ವಿಪರೀತ ಆಗುತ್ತೆ. ಅದು ಯಾವ ಮೊಹರು ನೋಡಿ ರೀಲಿನ ಮೇಲೆ ಕೂರುತ್ತೆ ಅಂತ ನಾನು ಹುಡುಕ್ತಿರೋದು. ಗೊತ್ತಾದ್ರೆ ಕೂರದ ಹಾಗೆ ತಡೆಯೋ ಔಷಧಿ ಯೋಚಿಸಬಹುದು."

ಹೊರದೇಶದಿಂದ ತರಿಸಿದ ಹಿಸ್ಟೋನ್ ಬ್ಯಾಕ್ಟೀರಿಯಾದೊಳಗೆ ಬೆಳೆಸಿದ್ದಂತೆ, ಅದರ ಮೇಲೆ ಮೊಹರೇ ಇಲ್ಲವಂತೆ. ಅವಳ ಪ್ರೋಟೀನ್ ಅದನ್ನು ಮೂಸಿಯೂ ನೋಡಲಿಲ್ಲ. ಮೊಹರು ಬಿದ್ದ ಅಸಲಿ ಹಿಸ್ಟೋನ್ ಧಾರಾಳವಾಗಿ ಸಿಗುವುದು ಎಳೆಯ ಪ್ರಾಣಿಯ ಕುತ್ತಿಗೆಯ ಗ್ರಂಥಿಯಲ್ಲಿ. ನಾಳೆಯೇ ಒಂದು ಮರಿ ಕೊಯ್ದು ಕೊಡುತ್ತೇನೆ ಎಂದರೆ ಒಪ್ಪಲಿಲ್ಲ. ಪ್ರಯೋಗಕ್ಕೆಂದು ಪ್ರಾಣಿ ಕೊಲ್ಲಲು ಬೇರೆ ಅನುಮತಿ ಬೇಕು, ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಊಟಕ್ಕೆ ಕೊಯ್ದದ್ದರಲ್ಲಿ ಮಿಕ್ಕಿದ್ದು ಮಾತ್ರ ಆಗಬಹುದು. ಅವಳ ಬಳಿ ಉಳಿದಿದ್ದ ಪ್ರೋಟೀನ್ ಎರಡೇ ಟ್ಯೂಬು. ಹಣ ಕೊಡುವವರ ಸೋಮವಾರದ ಸಭೆಯೊಳಗೆ ಏನೂ ತೋರಿಸದಿದ್ದರೆ ಮೂರು ವರ್ಷದ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು.

ಆ ಎರಡರಲ್ಲಿ ಒಂದನ್ನು ಹಾಳು ಮಾಡಿದವನು ನಾನೇ.

ಎಳೆಯದು ಬೇಕು ಎಂದು ಅವಳು ಹೇಳಿದ್ದು ಕಿವಿಗೆ ಬಿದ್ದಿತ್ತು. ಆದರೆ ಸರ್ಕಿನ್ ಪಾವಾನ ಮಗಳಿಗೆ ಬಡಕಲು ಮರಿಯ ಕುತ್ತಿಗೆಯೇ? ಒಬ್ಬ ಹಾಜಿಯ ಮನೆಯ ನಾಮಕರಣದಲ್ಲಿ ಐದು ವರ್ಷದ ಟಗರು ಕೊಯ್ದು, ಕೇರಿಗೇ ದೊಡ್ಡದು ಎಂದು ಬೀಗುತ್ತ ಅದರ ಕುತ್ತಿಗೆ ಕೊಟ್ಟುಕಳಿಸಿದೆ.

ಎರಡು ದಿನ ಬಿಟ್ಟು ಲಾರೈ ಬಂದು ಜಗಲಿಯ ಮೇಲೆ ಕುಸಿದಳು. "ಬರೀ ಕೊಬ್ಬು, ಬಾಬಾ. ಬಲಿತ ಮೇಲೆ ಆ ಗ್ರಂಥಿ ಕರಗಿ ಕೊಬ್ಬಾಗುತ್ತೆ. ಸಿಕ್ಕಿದ ಚೂರಲ್ಲೇ ನೋಡೋಣ ಅಂತ ಆಸೆಪಟ್ಟು ಒಂದು ಟ್ಯೂಬು ಹಾಕ್ದೆ. ಏನೂ ಬರಲಿಲ್ಲ."

ಅದು ಕೊಬ್ಬಾಗುತ್ತದೆಂದು ನನಗೇ ಗೊತ್ತಿತ್ತು. ಸಾವಿರ ಕುತ್ತಿಗೆ ಬಿಚ್ಚಿದ ಕೈ ಇದು.

ಹೆಂಡತಿ ಅಜೂಮಿ ಒಲೆಯ ಮುಂದಿನಿಂದಲೇ ಕುಟುಕಿದಳು: "ಯಜಮಾನ್ರೇ, ಅವಳು ಕೇಳಿದ್ದು ಗ್ರಂಥಿ. ನೀವು ಕೊಟ್ಟಿದ್ದು ನಿಮ್ಮ ಮೀಸೆ."

ಗುರುವಾರ ಬೆಳಿಗ್ಗೆ ನಮ್ಮ ಓಣಿಯ ಇಸ್ಸಾಕನ ಮನೆಯಲ್ಲಿ ನಾಮಕರಣ. ನಾಲ್ಕು ಹೆಣ್ಣಿನ ಮೇಲೆ ಹುಟ್ಟಿದ ಗಂಡು. ಗಂಡು ಮಗುವಿಗೆ ಎರಡು ಟಗರು ಕೊಯ್ಯುವುದು ವಾಡಿಕೆ. ಒಂದನ್ನು ಗಡಿಯಾಚೆಯ ಬುರ್ಕಿನಾದಿಂದ ತರಿಸಿ ಬೀದಿಬಾಗಿಲಲ್ಲೇ ಕಟ್ಟಿದ್ದ. ಹಾಲಿನಂಥ ಬಿಳಿ. ಹೋಗಿಬರುವವರೆಲ್ಲ ಅದರ ಬೆನ್ನು ಸವರುತ್ತಿದ್ದರು. ಇನ್ನೊಂದು ಎಂಟು ತಿಂಗಳ ಮರಿ, ಹಿತ್ತಲಲ್ಲಿ ನೀರಿನ ಡ್ರಮ್ಮಿನ ಹಿಂದೆ.

ಬಂದವರಿಗೆ ಅಗಿಯಲು ಕೋಲಾ ಬೀಜ ಹಂಚಿದ್ದಾಯಿತು. ಇಮಾಮರು ಮಗುವಿನ ಹೆಸರು ಹೇಳಿದರು. ಕಸಾಯಿ ಯಜಮಾನನ ಕತ್ತಿ ಮೊದಲು ದೊಡ್ಡ ಟಗರಿಗೆ ಇಳಿಯಬೇಕು, ಅದರ ಕುತ್ತಿಗೆಯೇ ಅವನದು. ಚಿಕ್ಕದನ್ನು ಆಮೇಲೆ ಬೇರೆಯವರು ನೋಡಿಕೊಳ್ಳುತ್ತಾರೆ. ಜನ ದಾರಿ ಬಿಟ್ಟರು.

"ಇಸ್ಸಾಕ, ಹಿತ್ತಲಲ್ಲಿರೋದನ್ನ ತರಿಸು," ಎಂದೆ.

"ಅದಾ? ಅದಕ್ಕೇನು ಅವಸರ, ಸರ್ಕಿನ್ ಪಾವಾ?"

"ಮೊದಲು ಅದೇ. ನನಗೆ ಅದರ ಕುತ್ತಿಗೆ ಬೇಕು."

ಹಿಂದಿನಿಂದ ಯಾರೋ, "ಯಜಮಾನ್ರಿಗೆ ಹಲ್ಲು ಉದುರಿದ್ವೇನೋ, ಎಳೇದು ಕೇಳ್ತಾವ್ರೆ!" ಎಂದರು. ನಗು ಎದ್ದಿತು. ಇಸ್ಸಾಕ ನಗಲಿಲ್ಲ.

"ನನ್ನ ಟಗರಲ್ಲಿ ಏನು ಐಬು ಕಂಡ್ರಿ? ನೆಂಟರ ಮುಂದೆ ಹೀಗಾ ಮರ್ಯಾದೆ ತೆಗೆಯೋದು?"

ಗೇಟಿನ ಹತ್ತಿರ ಲಾರೈ ಐಸ್ ಡಬ್ಬಿ ಹಿಡಿದು ನೆಲ ನೋಡುತ್ತ ನಿಂತಿದ್ದಳು.

"ಟಗರಿಗೆ ಐಬಿಲ್ಲ ತಮ್ಮಾ. ಅಲ್ಲಿ ನಿಂತಿದ್ದಾಳಲ್ಲ, ನನ್ನ ಮಗಳು, ಅವಳಿಗೆ ಬೇಕು. ಕ್ಯಾನ್ಸರು ಒಳಗೆ ಎಲ್ಲಿ ಹೋಗಿ ಕೂರುತ್ತೆ ಅಂತ ಹುಡುಕ್ತಿದ್ದಾಳೆ. ಅದಕ್ಕೆ ಬೇಕಾದ್ದು ದೊಡ್ಡದರಲ್ಲಿ ಸಿಗಲ್ಲ, ಆ ಮರೀಲಿದೆ. ಹೋದ ವಾರ ನಾನು ದೊಡ್ಡಸ್ತಿಕೆ ತೋರಿಸೋಕೆ ಹೋಗಿ ಅವಳ ಕೆಲಸ ಕೆಡಿಸಿದೆ. ಇನ್ನೊಂದೇ ಸಲಕ್ಕಾಗೋಷ್ಟು ಉಳಿದಿದೆ."

ಇಷ್ಟು ಜನರೆದುರು ನಾನು ತಪ್ಪೊಪ್ಪಿಕೊಂಡದ್ದು ಅದೇ ಮೊದಲು. ಆಶ್ಚರ್ಯವೆಂದರೆ ನಾಚಿಕೆಯಾಗಲಿಲ್ಲ. ನನ್ನ ಮಗಳು ಎಂದಾಗ ದನಿ ತಾನಾಗಿ ಏರಿತ್ತು.

ಒಳಗಿನಿಂದ ಇಸ್ಸಾಕನ ತಾಯಿ ಕೂಗಿದಳು: "ತರ್ರೋ ಆ ಮರೀನ! ಡಾಕ್ಟ್ರಮ್ಮ ಬಿಸಿಲಲ್ಲಿ ನಿಂತವಳೆ, ನೀವು ಮಾತಾಡ್ಕಂಡು ನಿಂತಿದೀರಾ!"

ಕೊಯ್ದೆ. ಶ್ವಾಸನಾಳದ ಎರಡೂ ಬದಿಗೆ ತಿಳಿಗುಲಾಬಿ ಬಣ್ಣದ ಮೆತ್ತನೆಯ ಗ್ರಂಥಿ, ಎದೆಯ ತನಕ ಇಳಿದಿತ್ತು. ಒಂದು ಗೀರೂ ಬೀಳದಂತೆ ಬಿಡಿಸಿದೆ. ಲಾರೈ ಅದನ್ನು ಐಸಿನಲ್ಲಿ ಹುಗಿದು, ಲಂಗ ಎತ್ತಿ ಹಿಡಿದು, ಟ್ಯಾಕ್ಸಿಯವನನ್ನು ಬೈಯುತ್ತ ಓಡಿದಳು. ಬಾಬಾ, ಬರ್ತೀನಿ ಎಂದೂ ಹೇಳಲಿಲ್ಲ.

ಭಾನುವಾರ ಮಧ್ಯಾಹ್ನ ಫೋನ್ ಬಂತು. "ಬಾಬಾ, ಈಗಲೇ ಬನ್ನಿ." ಅಷ್ಟೇ ಹೇಳಿ ಇಟ್ಟಳು.

ಒಳಗೆ ಹೋಗುವ ಮುಂಚೆ ನನಗೆ ಬಿಳಿ ಕೋಟು ಹಾಕಿಸಿದರು. ಕಲೆಯಿಲ್ಲದ ಬಟ್ಟೆ ತೊಟ್ಟು ಕೆಲಸದ ಜಾಗಕ್ಕೆ ಕಾಲಿಟ್ಟದ್ದು ಜನ್ಮದಲ್ಲಿ ಅದೇ ಮೊದಲು. ಲಾರೈ ಬೆಳಕಿನ ಹಲಗೆಯ ಮೇಲೆ ಅಂಗೈಯಗಲದ ಒಂದು ಜೆಲ್ಲಿನ ಹಾಳೆ ಇಟ್ಟಳು.

"ಪ್ರೋಟೀನನ್ನ ಸಣ್ಣ ಮಣಿಗಳಿಗೆ ಅಂಟಿಸಿ, ಅದರ ಮೇಲೆ ಹಿಸ್ಟೋನ್ ಸುರಿದು, ಚೆನ್ನಾಗಿ ತೊಳೆದೆ. ಹಿಡ್ಕೊಂಡಿದ್ದು ಮಾತ್ರ ಉಳಿಯುತ್ತೆ, ಇಲ್ಲಿ ನೀಲಿ ಪಟ್ಟಿಯಾಗಿ ಕಾಣುತ್ತೆ. ಇದು ಹೊರದೇಶದ್ದು, ಮೊಹರಿಲ್ಲದ್ದು."

ಖಾಲಿ.

"ಇದು ನಿಮ್ಮ ದೊಡ್ಡ ಟಗರಿಂದು. ಹೋದ ಸಲ ಮಿಕ್ಕಿದ್ದನ್ನ ಪಕ್ಕದಲ್ಲೇ ಇಟ್ಟು ನೋಡಿದೆ."

ಅದೂ ಖಾಲಿ. ಕೆಮ್ಮಿದೆ.

"ಇದು ಇಸ್ಸಾಕನ ಮರೀದು."

ನೀಲಿ. ಮಸಿಯಲ್ಲಿ ಬೆರಳದ್ದಿ ಎಳೆದಷ್ಟು ದಟ್ಟ, ನೇರ. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದೆ. ಪಟ್ಟಿ ಅಲ್ಲೇ ಇತ್ತು.

"ಹಿಡ್ಕೊಂಡಿದೆ, ಬಾಬಾ. ಮೊಹರು ನೋಡಿಯೇ ಹಿಡ್ಕೊಂಡಿದೆ," ಎಂದಳು. ಮೂರು ದಿನ ನಿದ್ದೆಗೆಟ್ಟ ಮುಖ ಅರಳಿತ್ತು. ಪಕ್ಕದಲ್ಲಿ ಅವಳ ದಪ್ಪ ಪುಸ್ತಕ ತೆರೆದಿತ್ತು. ಗ್ರಂಥಿ ಎಲ್ಲಿಂದ ಬಂತು, ಯಾರು ತೆಗೆದರು ಎಂಬಲ್ಲಿ ನನ್ನ ಹೆಸರಿತ್ತು. ಅವಳ ಅಕ್ಷರದಲ್ಲಿ, ಪೂರ್ತಿ ಹೆಸರು.

ಸೋಮವಾರದ ಸಭೆ ಕೆಲಸ ಮುಂದುವರಿಸಿ ಎಂದಿತು, ಹೊಸದಾಗಿ ಪ್ರೋಟೀನ್ ಮಾಡಿಕೊಳ್ಳಲೂ ಒಪ್ಪಿತು. ಇಸ್ಸಾಕ ಈಗ ಚಹಾದಂಗಡಿಯಲ್ಲಿ ಕೂತು, ಕ್ಯಾನ್ಸರಿನ ದಾರಿ ತೋರಿಸಿಕೊಟ್ಟಿದ್ದು ತನ್ನ ಮರಿ ಎಂದು ಕೊಚ್ಚಿಕೊಳ್ಳುತ್ತಾನೆ. ಬೀದಿಬಾಗಿಲಲ್ಲಿ ಕಟ್ಟಿದ್ದ ಬಿಳಿ ಟಗರಿನ ಸುದ್ದಿಯೇ ಇಲ್ಲ.

ಲಾರೈ ಮಾತ್ರ ಇನ್ನೂ ಹಿಗ್ಗುತ್ತಿಲ್ಲ. "ಒಂದು ಸಲ ಬಂದ್ರೆ ಯಾರೂ ನಂಬಲ್ಲ ಬಾಬಾ. ಇನ್ನೂ ಮೂರು ಮರಿ ಬೇಕು, ಬೇರೆ ಬೇರೆ ಮನೇದು."

ಹಾಗಾಗಿ ನಸುಕಿನಿಂದ ಕಸಾಯಿಖಾನೆಯಲ್ಲಿ ನಿಂತು ಸೊಂಟ ಹಿಡಿದುಹೋಗಿದ್ದರೂ, ಬರುವ ದಾರಿಯಲ್ಲಿ ಸೂಲಗಿತ್ತಿಯ ಬಾಗಿಲಲ್ಲಿ ನಿಲ್ಲುತ್ತೇನೆ.

"ಯಾರ ಮನೇಲಿ ದಿನ ತುಂಬಿದೆ, ತಾಯಿ?"

"ಯಾಕೆ ಸರ್ಕಿನ್ ಪಾವಾ, ಈ ವಯಸ್ಸಲ್ಲಿ ನನ್ನ ಕೆಲಸಕ್ಕೂ ಕೈ ಹಾಕ್ತೀರಾ?"

"ಗಂಡಾದ್ರೆ ಹೇಳಿಕಳಿಸು. ಎರಡನೇ ಟಗರು ಚಿಕ್ಕದಿರಲಿ ಅಂತ ಹೇಳು. ನನ್ನ ಮಗಳಿಗೆ ಬೇಕು."