ಬೆರಳಿಗಷ್ಟೇ ಗೊತ್ತಿದ್ದ ಪಾಸ್‌ವರ್ಡ್

ಆಸ್ಪತ್ರೆಯ ಕಂಪ್ಯೂಟರ್ ಕೋಣೆಯಲ್ಲಿ ಕೂರುವ ಹೆಂಗಸನ್ನು ಎಲ್ಲರೂ ಆಪರೇಟರಮ್ಮ ಎಂದೇ ಕರೆಯುತ್ತಿದ್ದರು. ಕಂಪ್ಯೂಟರಿಗೂ ಆ ಹೆಸರಿಗೂ ಸಂಬಂಧವಿಲ್ಲ. ಹದಿನೆಂಟು ವರ್ಷದ ಹಿಂದೆ ಅವಳು ಇದೇ ಕಟ್ಟಡದ ಟೆಲಿಫೋನ್ ಬೋರ್ಡಿನ ಮುಂದೆ ಕೂತು, ಯಾರು ಯಾರನ್ನು ಕೇಳಿದರೂ ಪುಸ್ತಕ ನೋಡದೆ ತಂತಿ ಸಿಕ್ಕಿಸುತ್ತಿದ್ದಳು. ಮುನ್ನೂರ ನಲವತ್ತು ನಂಬರು ನಾಲಿಗೆಯ ತುದಿಯಲ್ಲಿದ್ದವು. ಅತ್ತೆಯ ಹುಟ್ಟಿದ ದಿನ ಮಾತ್ರ ಯಾವತ್ತೂ ನೆನಪಿಗೆ ಬರುತ್ತಿರಲಿಲ್ಲ, ಅದಕ್ಕೆ ಮನೆಯಲ್ಲಿ ಈಗಲೂ ಕೊಂಕು ಕೇಳುತ್ತಾಳೆ.

ಬೋರ್ಡು ಹೋಗಿ ತನ್ನಷ್ಟಕ್ಕೆ ತಾನೇ ದುಡಿಯುವ ಡಬ್ಬವೊಂದು ಬಂದಾಗ ಅವಳನ್ನೂ ಬೋರ್ಡಿನ ಜೊತೆಗೇ ಸಾಗಹಾಕುವ ಲೆಕ್ಕಾಚಾರವಿತ್ತು. ಅದನ್ನು ತೀರ್ಮಾನಿಸಲು ಕರೆದ ಸಭೆಯಲ್ಲಿ ಬಾಯಿ ಬಿಟ್ಟವರು ಒಬ್ಬರೇ, ಔಷಧಿ ಸ್ಟೋರು ನೋಡಿಕೊಳ್ಳುವ ಸ್ಟೋರಣ್ಣ.

"ಈ ಕಟ್ಟಡದಲ್ಲಿ ಯಾರು ಎಲ್ಲಿದಾರೆ ಅಂತ ಗೊತ್ತಿರೋದು ಈಯಮ್ಮನೊಬ್ಬಳಿಗೆ. ಕಂಪ್ಯೂಟರ್ ಕೋಣೆಗೆ ಹಾಕಿ. ಅಲ್ಲೂ ಹೆಸರುಗಳದ್ದೇ ಕೆಲಸ ತಾನೆ?"

ಹಾಕಿದರು. ಅವತ್ತಿನಿಂದ ಅವಳ ಮನೆಯ ಒಲೆ ಉರಿದದ್ದು, ಇಬ್ಬರು ಮಕ್ಕಳು ಓದಿದ್ದು, ಎಲ್ಲವೂ ಆ ಒಂದು ಮಾತಿನಿಂದ. ಇದನ್ನು ಅವಳು ಮರೆತವಳಲ್ಲ. ಹೇಳಿಕೊಂಡವಳೂ ಅಲ್ಲ. ಹೇಳಿದರೆ ಸ್ಟೋರಣ್ಣ ಸಿಡುಕುತ್ತಿದ್ದರು.

ಕೆಲಸ ನಿಜಕ್ಕೂ ಹೆಸರುಗಳದ್ದೇ ಆಗಿತ್ತು. ಆ ಕೋಣೆಯಲ್ಲಿ ಡೈರೆಕ್ಟರಿ ಸರ್ವರ್ ಎಂಬುದೊಂದು ಇತ್ತು. ಆಸ್ಪತ್ರೆಯಲ್ಲಿ ಯಾರಿದ್ದಾರೆ, ಅವರು ಯಾವ ಪರದೆ ತೆರೆಯಬಹುದು, ಎಲ್ಲ ಅದರ ಹೊಟ್ಟೆಯಲ್ಲಿ. ವಾರ್ಡಿನ ನರ್ಸು ತನ್ನ ಹೆಸರು, ಪಾಸ್‌ವರ್ಡ್ ಒತ್ತಿದ ತಕ್ಷಣ ವಾರ್ಡಿನ ಕಂಪ್ಯೂಟರು ಇದರ ಹತ್ತಿರ ಬಂದು "ಇವಳು ನಮ್ಮವಳೇನಾ?" ಎಂದು ಕೇಳುತ್ತದೆ. ಇದು ಹೂಂ ಅಂದರೆ ಕೆಲಸ ನಡೆಯುತ್ತದೆ, ಊಹೂಂ ಅಂದರೆ ದೊಡ್ಡ ಡಾಕ್ಟರಾದರೂ ಹೊರಗೇ.

ಅವಳಿಗೆ ಇದನ್ನೆಲ್ಲ ಕಲಿಸಿದವರು ಮೇಷ್ಟ್ರು. ನಿಜವಾದ ಮೇಷ್ಟ್ರೇನಲ್ಲ, ಆ ಕೋಣೆಯ ಮೊದಲ ಎಂಜಿನಿಯರು. ಎರಡು ಸಲ ಹೇಳದೆ ಯಾವ ಮಾತನ್ನೂ ಮುಗಿಸುತ್ತಿರಲಿಲ್ಲವಾದ್ದರಿಂದ ಆ ಹೆಸರು. ಮಾಡಿಟ್ಟ ಸರ್ವರನ್ನು ಹಾಗೇ ತಂದು ಹಾಕುವುದು ಅವರಿಗೆ ಆಗಿಬರುತ್ತಿರಲಿಲ್ಲ. ಮೂಲ ಕೋಡನ್ನೇ ಇಳಿಸಿಕೊಳ್ಳಬೇಕು, ನಮಗೆ ಏನು ಬೇಕು ಏನು ಬೇಡ ಎಂದು ಒಂದು ಉದ್ದನೆಯ ಸಾಲಿನಲ್ಲಿ ಅದಕ್ಕೆ ಹೇಳಬೇಕು, ನಮ್ಮ ಯಂತ್ರದಲ್ಲೇ ಕಟ್ಟಬೇಕು, ಪರೀಕ್ಷೆಗಳನ್ನೆಲ್ಲ ಓಡಿಸಬೇಕು, ಆಮೇಲೆ ಕೂರಿಸಬೇಕು. "ಹೊಲಿಸಿದ ಅಂಗಿ ನೋಡಮ್ಮ ಇದು. ಹೊಲಿಸಿದ ಅಂಗಿ. ತೋಳು ಎಲ್ಲಿ ಬಿಗಿ ಅಂತ ನಮಗೆ ಗೊತ್ತಿರತ್ತೆ." ಕಟ್ಟಿದ ಕೋಡಿನ ಫೋಲ್ಡರನ್ನು ಅಳಿಸಲೂ ಬಿಡುತ್ತಿರಲಿಲ್ಲ. ಮೇಷ್ಟ್ರು ತೀರಿಕೊಂಡು ನಾಲ್ಕು ವರ್ಷವಾಯಿತು. ಅವಳು ಮಾತ್ರ ಇನ್ನೂ ಒಬ್ಬಳೇ ಇದ್ದಾಗ ಎರಡೆರಡು ಸಲ ಹೇಳಿಕೊಳ್ಳುತ್ತಾಳೆ.

ಹೋದ ವರ್ಷ ಸ್ಟೋರಣ್ಣನಿಗೆ ಲಕ್ವ ಹೊಡೆಯಿತು. ಕೈಕಾಲು ಹೇಗೋ ತಿರುಗಿ ಬಂದವು, ಮಾತು ಬರಲಿಲ್ಲ. ಐದಾರು ಪದ ಉಳಿದವು, ಅವೂ ಕೇಳಿದಾಗ ಬರುತ್ತಿರಲಿಲ್ಲ. ಹಳೆಯದೆಲ್ಲ ಒಳಗೆ ಭದ್ರವಾಗಿದೆ, ಹೊಸದು ಮಾತ್ರ ನಿಲ್ಲುವುದಿಲ್ಲ ಎಂದರು ಡಾಕ್ಟರು. ಅದು ನಿಜವಾಗಿತ್ತು. ಯಾವ ಮದ್ದು ಯಾವ ಕಪಾಟಿನ ಎಷ್ಟನೇ ಅರೆಯಲ್ಲಿದೆ ಎಂಬುದು ಅವರ ಕೈಗೆ ಗೊತ್ತಿತ್ತು. ನಿವೃತ್ತಿಗೆ ಎಂಟೇ ತಿಂಗಳು. "ಯಾರ ಸಹಾಯವೂ ಇಲ್ಲದೆ ನಡೆಸೋವರೆಗೂ ನಡೆಸಲಿ, ಆಗದ ದಿನ ಮನೆಗೆ," ಎಂದಿದ್ದರು ಆಡಳಿತಾಧಿಕಾರಿ. ದಿನಾ ಬೆಳಿಗ್ಗೆ ಹೆಂಡತಿ ಕರೆತಂದು ಬಾಗಿಲಲ್ಲಿ ಬಿಟ್ಟು ಹೋಗುತ್ತಿದ್ದರು. "ಭಾನುವಾರ ಬಂದ್ರೆ ಗೋಡೆ ನೋಡ್ಕೊಂಡು ಕೂತಿರ್ತಾರಮ್ಮ," ಎಂದು ಆಕೆ ಒಮ್ಮೆ ಆಪರೇಟರಮ್ಮನಿಗೆ ಹೇಳಿದ್ದರು. "ಸೋಮವಾರ ಈ ಸ್ಟೂಲಿನ ಮೇಲೆ ಕೂತಾಗಲೇ ಮನುಷ್ಯ ಆಗೋದು."

ಪಾಸ್‌ವರ್ಡೂ ಅವರ ಬೆರಳಿಗಷ್ಟೇ ಗೊತ್ತಿತ್ತು. ಏನೆಂದು ಕೇಳಿದರೆ ಹೇಳಲಾರರು, ಬರೆಯಲಾರರು. ಕೀಲಿಮಣೆಯ ಮೇಲೆ ಕೈಯಿಟ್ಟರೆ ಸರಸರ ಒತ್ತುತ್ತಿದ್ದರು. ಒಂದು ಸಲ ಎಲ್ಲರೂ ಹೊಸ ಪಾಸ್‌ವರ್ಡ್ ಹಾಕಿಕೊಳ್ಳಬೇಕೆಂದು ಹುಕುಂ ಬಂತು. ಅವರಿಗೂ ಒಂದು ಕೊಟ್ಟು ಒಂಬತ್ತು ದಿನ ತಿದ್ದಿಸಿದರು. ತಲೆಗೆ ಹತ್ತಲೇ ಇಲ್ಲ. ಸರ್ವರಿನಲ್ಲಿ ಪಾಸ್‌ವರ್ಡ್ ಹಾಗೇ ಇರುವುದಿಲ್ಲ, ಅದನ್ನು ಅರೆದ ಹಿಟ್ಟು ಇರುತ್ತದೆ. ಹಿಟ್ಟು ನೋಡಿ ಕಾಳು ಯಾವುದೆಂದು ಹೇಳಲಾಗದು. ಆಪರೇಟರಮ್ಮ ಆ ಹಳೆಯ ಹಿಟ್ಟನ್ನು ಎತ್ತಿಟ್ಟಿದ್ದಳು, ಹತ್ತನೆಯ ದಿನ ಗಪ್‌ಚುಪ್ಪಾಗಿ ಅದನ್ನೇ ವಾಪಸ್ ಇಟ್ಟಳು.

ಈಗ ಹಳೆಯ ಯಂತ್ರ ನರಳತೊಡಗಿತ್ತು. ಹೊಸ ಯಂತ್ರ ಬಂತು, ಅದರಲ್ಲಿ ಸರ್ವರನ್ನು ಹೊಸದಾಗಿ ಕಟ್ಟಬೇಕು. ಮೇಷ್ಟ್ರ ಆ ಉದ್ದನೆಯ ಸಾಲು ಹಳೆಯ ಫೋಲ್ಡರಿನಲ್ಲೇ ಇತ್ತು. ಫೋಲ್ಡರನ್ನು ಹೊಸ ಯಂತ್ರಕ್ಕೆ ನಕಲು ಮಾಡಿಟ್ಟುಕೊಂಡಳು, ಆದರೆ ಸಾಲನ್ನು ಪರದೆ ನೋಡಿ ಕೈಯಲ್ಲೇ ನೋಟ್‌ಬುಕ್ಕಿಗೆ ಬರೆದುಕೊಂಡಳು. ಕೈಯಲ್ಲಿ ಬರೆಯದ ಯಾವುದನ್ನೂ ನಂಬದಿರುವುದು ಬೋರ್ಡಿನ ಕಾಲದ ಚಾಳಿ. ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಮೂರು ಸಲ ತಾಳೆ ನೋಡಿದಳು. ಆಮೇಲೆ ಎರಡು ದಿನ ಕಟ್ಟಿದಳು. ಇಂಥ ಲೈಬ್ರರಿ, ಅಂದರೆ ಜೊತೆಗೆ ಬೇಕಾದ ಇನ್ನೊಂದು ಕೋಡು, ಇಲ್ಲ ಎಂದು ಅದು ಹಟ ಹಿಡಿಯಿತು, ತಂದುಕೊಟ್ಟಳು; ಇದಲ್ಲ, ಇದರ ತಮ್ಮ ಬೇಕೆಂದಿತು, ಅದನ್ನೂ ಕೊಟ್ಟಳು. ಕೊನೆಗೆ ಪರೀಕ್ಷೆಗಳೆಲ್ಲ ಒಂದರ ಹಿಂದೊಂದು ಪಾಸಾದವು. ಒಂದು ಸಾವಿರದ ಇನ್ನೂರು ಹೆಸರುಗಳನ್ನು ಹಳೆಯದರಿಂದ ತೆಗೆದು ಹೊಸದಕ್ಕೆ ಸುರಿದಳು. ಗುರುವಾರ ಬೆಳಿಗ್ಗೆ ಏಳಕ್ಕೆ ಹಳೆಯದನ್ನು ಆರಿಸಿ ಹೊಸದನ್ನು ಓಡಿಸಿದಳು. ಅವಳ ಹೆಸರು ಒಳಗೆ ಹೋಯಿತು, ಆಡಳಿತಾಧಿಕಾರಿಯದು ಹೋಯಿತು, ಬೆಳಗಿನ ಪಾಳಿಯ ನರ್ಸುಗಳೆಲ್ಲ ಹೋದರು. ಆಪರೇಟರಮ್ಮ ಕಾಲು ಚಾಚಿ ಕೂತು ಟೀ ಕುಡಿದಳು.

ಒಂಬತ್ತೂ ಹತ್ತಕ್ಕೆ ಫೋನ್ ಬಂತು. "ಸ್ಟೋರಣ್ಣನ ಪರದೆ ತೆರೀತಿಲ್ಲ, ಬೇಗ ಬನ್ನಿ."

ಓಡಿದಳು. ಸ್ಟೋರಿನ ಬಾಗಿಲಲ್ಲಿ ಹೆಂಡತಿ ಚೀಲ ಹಿಡಿದು ಇನ್ನೂ ನಿಂತಿದ್ದರು. ಸ್ಟೋರಣ್ಣ ಮತ್ತೊಮ್ಮೆ ಒತ್ತಿದರು. ತಪ್ಪು ಪಾಸ್‌ವರ್ಡ್ ಎಂದಿತು ಪರದೆ. ಅವರು ತಮ್ಮ ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ನಂತರ ಮೆಲ್ಲಗೆ ಎದ್ದು, ಸ್ಟೂಲನ್ನು ಅವಳ ಕಡೆ ತಳ್ಳಿದರು.

"ನಾನು," ಎಂದರು. ತುಂಬ ಹೊತ್ತು ಹುಡುಕಿ ಇನ್ನೊಂದು ಪದ ತೆಗೆದರು. "ತಪ್ಪು."

"ನಿಮ್ಮದಲ್ಲ ಅಣ್ಣ, ನಂದು. ನಾನೇನೋ ಎಡವಟ್ಟು ಮಾಡಿದೀನಿ."

ಅವರು ನಂಬಲಿಲ್ಲ. ಉಳಿದಿದ್ದ ಒಂದಿಷ್ಟು ನೆನಪೂ ಕೈಬಿಟ್ಟಿತು ಎಂದು ಆ ಮನುಷ್ಯ ತೀರ್ಮಾನಿಸಿಬಿಟ್ಟಿದ್ದರು. ಹಳೆಯ ಯಂತ್ರವನ್ನೇ ಮತ್ತೆ ಓಡಿಸೋಣವೆಂದು ಅವಳು ಕಂಪ್ಯೂಟರ್ ಕೋಣೆಗೆ ವಾಪಸ್ ಹೋಗಿ ಗುಂಡಿ ಒತ್ತಿದರೆ ಅದು ಒಂದು ಸಲ ಗೊರ್ ಎಂದು ಶಾಶ್ವತವಾಗಿ ಕೈಕೊಟ್ಟಿತು.

ಅಷ್ಟರಲ್ಲಿ ಆಡಳಿತಾಧಿಕಾರಿ ಬಂದರು. ಕೆಟ್ಟ ಮನುಷ್ಯರೇನಲ್ಲ, ಗಡಿಯಾರ ನೋಡುವ ಮನುಷ್ಯ. "ಎರಡು ಗಂಟೆಗೆ ವಾರ್ಡುಗಳಿಗೆ ಔಷಧಿ ಹೋಗ್ಲೇಬೇಕು. ಅಲ್ಲೀವರೆಗೂ ಕಾಯ್ತೀನಿ. ಆಗ್ಲಿಲ್ಲ ಅಂದ್ರೆ ಬೇರೆಯವರನ್ನ ಕೂರಿಸ್ತೀನಿ, ಸಂಜೆಗೆ ಸ್ಟೋರಣ್ಣನ್ನ ಮನೆಗೆ ಕಳ್ಸೋ ಕಾಗದ ಮಾಡ್ತೀನಿ." ಆಮೇಲೆ ದನಿ ತಗ್ಗಿಸಿದರು. "ಅಲ್ಲಮ್ಮ, ಅವರು ಒತ್ತೋದನ್ನ ಸರ್ವರ್ ಕಡೆಯಿಂದ ಹಿಡ್ಕೊಂಡು ನೋಡಕ್ಕಾಗಲ್ವಾ? ಏನು ಅಂತ ಗೊತ್ತಾದ್ರೆ ಅದನ್ನೇ ಹೊಸದಾಗಿ ಹಾಕಿದ್ರಾಯ್ತು."

ಆಗುತ್ತಿತ್ತು. ಐದು ನಿಮಿಷದ ಕೆಲಸ, ಹೂವೆತ್ತಿದಷ್ಟು ಸುಲಭ. ಅವಳ ಬೆರಳು ಕೀಲಿಯ ಹತ್ತಿರ ಹೋಗಿಯೂ ಬಿಟ್ಟಿತು. ಮಾತೆಲ್ಲ ಹೋಗಿ ಸ್ಟೋರಣ್ಣನ ಹತ್ತಿರ ಗುಟ್ಟೆಂದು ಉಳಿದದ್ದು ಅದೊಂದೇ. ಯಾರ ಹೆಸರೋ, ಯಾವ ದಿನವೋ. ಅದನ್ನು ಅವರಿಗೆ ಹೇಳದೆ ಬಿಚ್ಚಿ ನೋಡಲು ಅವಳಿಗೆ ಮನಸ್ಸಾಗಲಿಲ್ಲ.

"ಆಗತ್ತೆ ಸಾರ್. ಮಾಡಲ್ಲ. ಎರಡು ಗಂಟೆವರೆಗೂ ಟೈಮ್ ಕೊಟ್ಟಿದೀರಲ್ಲ."

ಅವರು ಹೋದ ಬೆನ್ನಿಗೇ ಮತ್ತೆರಡು ಫೋನ್ ಬಂದವು. ಬಟ್ಟೆ ಒಗೆಯುವ ವಿಭಾಗದ ಹಿರಿಯಕ್ಕನಿಗೆ ಪರದೆ ತೆರೆಯುತ್ತಿಲ್ಲ, ಎಕ್ಸ್‌ರೇ ಅಜ್ಜನಿಗೂ ಇಲ್ಲ. ಫೋನಿಟ್ಟವಳು ಲೆಕ್ಕ ಹಾಕಿದಳು. ಮೂವರೂ ಹಳಬರು. ಮೂವರೂ ಸರ್ವರ್ ಬಂದ ಮೊದಲ ವರ್ಷವೇ ಹೆಸರು ಸೇರಿಸಿದವರು. ಪಾಸ್‌ವರ್ಡ್ ಬದಲಾಯಿಸಿರೆಂದಾಗ ಸ್ಟೋರಣ್ಣ ಹಳೆಯದಕ್ಕೇ ವಾಪಸ್ ಬಂದವರು, ಉಳಿದಿಬ್ಬರು ಕೈಮುಗಿದು ತಪ್ಪಿಸಿಕೊಂಡವರು. ಅವರ ಹಿಟ್ಟನ್ನು ತೆಗೆದು ನೋಡಿದಳು. ಅದನ್ನು ಅರೆದ ಬಗೆಯೇ ಬೇರೆ, ತೀರ ಹಳೆಯದು. ಇಡೀ ಆಸ್ಪತ್ರೆಯಲ್ಲಿ ಆ ಬಗೆಯವರು ಹನ್ನೊಂದು ಜನ. ಪರೀಕ್ಷೆಗಳು ಪಾಸಾಗಿದ್ದೇನೋ ಸರಿ, ಈ ಹನ್ನೊಂದು ಜನರ ಬಗ್ಗೆ ಅವಕ್ಕೇನು ಗೊತ್ತು?

ನಕಲಿಟ್ಟಿದ್ದ ಮೇಷ್ಟ್ರ ಫೋಲ್ಡರನ್ನು ತೆರೆದು ಆ ಸಾಲನ್ನು ನೋಟ್‌ಬುಕ್ಕಿನ ಪಕ್ಕ ಇಟ್ಟಳು. ಅಕ್ಷರಕ್ಕೆ ಅಕ್ಷರ ಒಂದೇ. ಸಾಲಿನ ಕೊನೆಗೆ ಹೋಗಿ ಬಾಣದ ಕೀಲಿ ಒತ್ತಿದಾಗ ಪರದೆ ಎಡಕ್ಕೆ ಸರಿಯಿತು, ಸಾಲು ಇನ್ನೂ ಮುಂದಕ್ಕಿತ್ತು. ಅವತ್ತು ಪರದೆಯ ಅಂಚಿನಲ್ಲಿ ಕಂಡಷ್ಟನ್ನೇ ಅವಳು ಪೂರ್ತಿ ಎಂದುಕೊಂಡು ಮೂರು ಸಲ ತಾಳೆ ನೋಡಿದ್ದಳು! ಅಂಚಿನಾಚೆ ಇದ್ದದ್ದು ಒಂದೇ ಒಂದು ಆಯ್ಕೆ: ಹಳೆಯ ಬಗೆಯಲ್ಲಿ ಅರೆದದ್ದನ್ನೂ ಒಪ್ಪಿಕೋ ಎಂಬುದು. ಕೇಳದಿದ್ದರೆ ಸರ್ವರ್ ಅದನ್ನು ತಾನಾಗಿ ಸೇರಿಸಿಕೊಳ್ಳುವುದಿಲ್ಲ.

ನಾಚಿಕೆಯಿಂದ ಕಿವಿ ಬಿಸಿಯಾಯಿತು. ಅದರ ಹಿಂದೆಯೇ ಮೇಷ್ಟ್ರು ನೆನಪಾದರು. ಹೊಸ ಬಗೆ ಬಂದ ಕಾಲದಲ್ಲಿ ಅವರು ಒಂದು ಸುತ್ತೋಲೆ ಹೊರಡಿಸಿದ್ದರೆ ಮುಗಿದಿತ್ತು, ಎಲ್ಲರೂ ಬದಲಾಯಿಸಿಕೊಳ್ಳಬೇಕಾಗುತ್ತಿತ್ತು. ಹಾಗೆ ಮಾಡದೆ, ಬಟ್ಟೆ ಒಗೆಯುವವರಿಗೂ ಎಕ್ಸ್‌ರೇ ಅಜ್ಜನಿಗೂ ತೊಂದರೆಯಾಗಬಾರದೆಂದು, ಪ್ರತಿ ಸಲ ಕಟ್ಟುವಾಗಲೂ ಕೊನೆಯಲ್ಲಿ ಈ ಒಂದು ಮಾತು ಸೇರಿಸುತ್ತ ಬಂದಿದ್ದರು. ಯಾರಿಗೂ ಹೇಳಿರಲಿಲ್ಲ, ಎರಡು ಸಲ ಹೇಳುವ ಮನುಷ್ಯ ಇದನ್ನು ಒಂದು ಸಲವೂ ಹೇಳಿರಲಿಲ್ಲ. "ನಿಮ್ಮ ಹೊಟ್ಟೆ ತಣ್ಣಗಿರ್ಲಿ ಮೇಷ್ಟ್ರೇ," ಎಂದಳು ಗಟ್ಟಿಯಾಗಿ. ಕೋಣೆಯಲ್ಲಿ ಫ್ಯಾನಿನ ಹೊರತು ಕೇಳುವವರಿರಲಿಲ್ಲ.

ಹನ್ನೊಂದೂಮುಕ್ಕಾಲಿಗೆ, ಹೆಸರುಗಳನ್ನು ಬಿಟ್ಟು ಕಟ್ಟಿದ್ದನ್ನೆಲ್ಲ ಒರೆಸಿ ಮೊದಲಿನಿಂದ ಶುರು. ಪೂರ್ತಿ ಸಾಲನ್ನು ಈ ಸಲ ನಕಲು ಮಾಡಿಯೇ ಹಾಕಿದಳು, ನೋಟ್‌ಬುಕ್ಕನ್ನು ಮುಟ್ಟಲಿಲ್ಲ. ಕಟ್ಟುವುದು ಮುಗಿದಾಗ ಹನ್ನೆರಡೂವರೆ. ಪರೀಕ್ಷೆಗಳಿಗೆ ಇನ್ನೂ ಮುಕ್ಕಾಲು ಗಂಟೆ ಬೇಕು. ಬಿಟ್ಟುಬಿಡಬಹುದಿತ್ತು, ನೀವಾಗಿದ್ದರೆ ಬಿಡುತ್ತಿದ್ದಿರಿ, ನಾನಂತೂ ಖಂಡಿತ ಬಿಡುತ್ತಿದ್ದೆ. ಅವಳು ಬಿಡಲಿಲ್ಲ. ಜೀವ ಕೈಯಲ್ಲಿ ಹಿಡಿದುಕೊಂಡು, ಒಂದೊಂದು ಪರೀಕ್ಷೆ ಪಾಸಾದಾಗಲೂ ಹೂಂ, ಮುಂದೆ, ಎನ್ನುತ್ತ ಕೂತಳು. ಆಡಳಿತಾಧಿಕಾರಿಯ ಫೋನು ಎರಡು ಸಲ ಬಡಿದುಕೊಂಡು ಸುಮ್ಮನಾಯಿತು. ಒಂದೂ ಇಪ್ಪತ್ತಕ್ಕೆ ಕೂರಿಸಿದಳು, ಓಡಿಸಿದಳು, ಒಗೆಯುವ ವಿಭಾಗಕ್ಕೆ ಫೋನ್ ಮಾಡಿದಳು.

"ಅಕ್ಕಾ, ಈಗ ಒತ್ತಿ ನೋಡಿ."

"ತಡಿಯೇ, ಕೈ ಒದ್ದೆ." ಕೀಲಿಗಳ ಟಕಟಕ ಕೇಳಿಸಿತು. "ಬಂತು ಕಣೇ! ಬೆಳಿಗ್ಗೆ ಏನಾಗಿತ್ತು ಇದಕ್ಕೆ ದೊಡ್ಡರೋಗ?"

ಸ್ಟೋರಿನ ಹೊರಗಿನ ಬೆಂಚಿನ ಮೇಲೆ ಗಂಡಹೆಂಡತಿ ಇಬ್ಬರೂ ಕೂತಿದ್ದರು. ಊಟದ ಡಬ್ಬಿ ತೆರೆದಿರಲಿಲ್ಲ. ಸ್ಟೋರಣ್ಣ ಮನೆಯ ಕಡೆ ಕೈ ತೋರಿಸುತ್ತಲೇ ಇದ್ದರಂತೆ, ಆಕೆ ಹೇಗೋ ತಡೆದು ಕೂರಿಸಿಕೊಂಡಿದ್ದರು. ಈಗ ಆಪರೇಟರಮ್ಮ ಬಂದು ಇನ್ನೊಮ್ಮೆ ಒತ್ತಲು ಕರೆದಾಗ ಆಕೆಯೇ ಅಡ್ಡ ಬಂದರು.

"ಬೇಡಮ್ಮ. ಇನ್ನೊಂದ್ಸಲ ತಪ್ಪು ಅಂತ ಬಂದ್ರೆ ಇವರು ತಡ್ಕೊಳಲ್ಲ. ಮರ್ಯಾದೆಯಾಗಿ ಮನೆಗೆ ಕರ್ಕೊಂಡ್ಹೋಗ್ತೀನಿ."

"ಬರಲ್ಲ ಅಕ್ಕ. ತಪ್ಪು ನಂದು, ಸರಿ ಮಾಡಿದೀನಿ." ಆಪರೇಟರಮ್ಮ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಸ್ಟೋರಣ್ಣನ ಮುಖ ನೋಡಿದಳು. "ಅಣ್ಣ, ಇಷ್ಟು ವರ್ಷದಲ್ಲಿ ನಿಮ್ಮನ್ನ ಒಂದೂ ಕೇಳಿಲ್ಲ. ನನ್ನ ಮನೆ ನಿಂತಿರೋದೇ ನಿಮ್ಮಿಂದ, ಅದನ್ನೂ ಹೇಳಿಲ್ಲ. ಈಗ ಹೇಳ್ತಿದೀನಿ, ಈಗ ಕೇಳ್ತಿದೀನಿ. ಒಂದೇ ಒಂದ್ಸಲ ಒತ್ತಿ."

ಅವರಿಗೆ ಎಷ್ಟು ಅರ್ಥವಾಯಿತೋ. ಗೋಡೆ ಹಿಡಿದು ಎದ್ದರು. ಮೂವರೂ ಒಳಗೆ ಹೋದರು. ಸ್ಟೂಲಿನ ಮೇಲೆ ಕೂತು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಕೀಲಿಮಣೆಯ ಮೇಲಿಟ್ಟರು. ಆಪರೇಟರಮ್ಮ ಮುಖ ತಿರುಗಿಸಿ ಕಪಾಟು ನೋಡುತ್ತ ನಿಂತಳು. ಸರಸರ ಸದ್ದಾಯಿತು, ಕೊನೆಯ ಕೀಲಿ ಬಿತ್ತು.

ತಿರುಗಿದಾಗ ಪರದೆಯಲ್ಲಿ ವಾರ್ಡುಗಳ ಪಟ್ಟಿ ತೆರೆದುಕೊಂಡಿತ್ತು.

ಹೆಂಡತಿ ಸೆರಗನ್ನು ಬಾಯಿಗೊತ್ತಿಕೊಂಡರು. ಸ್ಟೋರಣ್ಣ ಪರದೆಯನ್ನೂ ತಮ್ಮ ಬೆರಳುಗಳನ್ನೂ ಒಮ್ಮೆ ನೋಡಿದರು. ಅಷ್ಟೇ. ಗಡಿಯಾರದ ಕಡೆ ತಿರುಗಿದರು, ಎರಡಕ್ಕೆ ಹದಿನೈದು ನಿಮಿಷ. ಕಟಕಟೆಯಾಚೆ ಇಬ್ಬರು ನರ್ಸುಗಳು ಚೀಟಿ ಹಿಡಿದು ಬಂದು ನಿಂತಿದ್ದರು. ಮೊದಲ ಚೀಟಿ ಕಿತ್ತುಕೊಂಡು, ಎದ್ದು ಕಪಾಟಿನ ಕಡೆ ಹೊರಟವರು, ದಾರಿಯಲ್ಲಿ ಅಡ್ಡ ನಿಂತಿದ್ದ ಆಪರೇಟರಮ್ಮನನ್ನು ಕಂಡು ಹುಬ್ಬು ಗಂಟಿಕ್ಕಿದರು. ಅವರ ಸ್ಟೋರಿನಲ್ಲಿ ಕಟಕಟೆಯಿಂದೀಚೆಗೆ ದೊಡ್ಡ ಡಾಕ್ಟರೂ ಕಾಲಿಡುವ ಹಾಗಿರಲಿಲ್ಲ.

"ಹೊರಗೆ," ಎಂದರು ಸ್ಟೋರಣ್ಣ.

ಹುಡುಕದೆ, ತಡವರಿಸದೆ, ಹಳೆಯ ಸಿಡುಕಿನಲ್ಲೇ. ಆಪರೇಟರಮ್ಮನ ಕಣ್ಣು ತುಂಬಿಬಂತು. ಆಯ್ತಣ್ಣ, ಆಯ್ತಣ್ಣ, ಎನ್ನುತ್ತ ಕಟಕಟೆ ದಾಟಿ ಹೊರಗೆ ಬಂದು, ನರ್ಸುಗಳ ಹಿಂದೆ ಸಾಲಿನಲ್ಲಿ ನಿಂತುಕೊಂಡಳು. ಸ್ಟೋರಿನಿಂದ ಅವಳಿಗೆ ಬೇಕಾದದ್ದು ಏನೂ ಇರಲಿಲ್ಲ.